ಕಕ್ಕಸಿನ ಬಾಗಿಲಲ್ಲಿ ಒಂದೂವರೆ ವರ್ಷ

ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ. ಅಂಗಳ ತುಂಬಾ ಅಡಿಕೆ ಹರಡಿತ್ತು. ಮಾವ ಕಾಲು ಎಳೆದು ಎಳೆದು ಸಾಲು ಮಾಡುತ್ತಾ ಅಡಿಕೆ ಮಗುಚುತ್ತಿದ್ದರು. ಅವರ ಹಿಂದೆ ನನ್ನ ಮಗಳು ಪುಟ್ಟಿ, ಅಜ್ಜನ ಹಾಗೆಯೇ ಕಾಲು ಎಳೆದುಕೊಂಡು. ಮೈಮೇಲೆ ಒಂದು ಬನಿಯನ್ ಬಿಟ್ಟರೆ ಬೇರೇನೂ ಇಲ್ಲ. ಇವತ್ತಿನಿಂದ ಪ್ಯಾಂಪರ್ಸ್ ಬಂದ್ ಅಂತ ಹಿಂದಿನ ರಾತ್ರಿ ನಾನೂ ಗಂಡನೂ ಕೂತು ತೀರ್ಮಾನ ಮಾಡಿದ್ದೆವು. ಅಂಗಳದ ನಟ್ಟ ನಡುವೆ ಅವಳು ನಿಂತಳು. ಕಾಲು ಸ್ವಲ್ಪ ಅಗಲ ಮಾಡಿದಳು. ತಲೆ ಬಗ್ಗಿಸಿ, ತನ್ನಿಂದ ಇಳಿಯುತ್ತಿರುವ ನೀರನ್ನು ಬಹಳ ಆಸಕ್ತಿಯಿಂದ ನೋಡಿದಳು.

ನಾನು ಜಗಲಿಯಿಂದ "ಅಯ್ಯೋ ಅಡಿಕೆ!" ಅಂತ ಕಿರುಚಿಕೊಂಡು ಓಡಿದೆ. ಮಾವ ಒದ್ದೆಯಾದ ಒಂದು ಹಿಡಿ ಅಡಿಕೆ ಹೆಕ್ಕಿ ಬದಿಗೆ ಹಾಕಿದರು. "ಬಿಡು, ಬಿಸಿಲು ಉಂಟಲ್ಲ. ಈ ಸಲ ಚಾಲಿಗೆ ಒಳ್ಳೆ ರೇಟು ಬಂದರೂ ಬಂದೀತು" ಅಂದರು.

ನನ್ನ ಮಗಳ ಕಕ್ಕಸಿನ ಪಾಠ ಶುರುವಾದದ್ದು ಹೀಗೆ. ಆಗ ಅವಳಿಗೆ ಎರಡು ವರ್ಷ ಒಂದು ತಿಂಗಳು. ಎರಡು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯುವಾಗ ಅವಳು ಅಂಗನವಾಡಿಗೆ ಹೋಗುತ್ತಿದ್ದಳು.

ಪ್ಯಾಂಪರ್ಸ್ ಬಿಡಿಸಲು ನಮಗಿದ್ದ ಆತುರಕ್ಕೆ ದೊಡ್ಡ ಆದರ್ಶ ಏನೂ ಕಾರಣ ಅಲ್ಲ. ಒಂದು, ದುಡ್ಡು. ಇನ್ನೊಂದು, ಬಳಸಿದ್ದನ್ನು ಎಲ್ಲಿ ಹಾಕುವುದು ಅನ್ನುವ ತಲೆನೋವು. ತೋಟದ ಮನೆಯಲ್ಲಿ ತೆಂಗಿನ ಗರಿ, ಅಡಿಕೆ ಸಿಪ್ಪೆ ಎಲ್ಲಕ್ಕೂ ಒಂದು ಜಾಗ ಉಂಟು. ಇದಕ್ಕೆ ಇಲ್ಲ. ಹೂತರೆ ನಾಯಿ ಅಗೆದು ತರುತ್ತದೆ. ಸುಟ್ಟರೆ ವಾಸನೆ, ಅದೂ ಪೂರ್ತಿ ಸುಡುವುದಿಲ್ಲ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲು ಬರುವ ಅಕ್ಕಂದಿರು ಇದನ್ನು ಮುಟ್ಟುವುದಿಲ್ಲ, ಮುಟ್ಟಿ ಅಂತ ಕೇಳುವ ಮುಖ ನನಗೂ ಇಲ್ಲ. ಹಾಗೆಂದು ಬಟ್ಟೆ ಕಟ್ಟೋಣ ಅಂದರೆ ಮಳೆಗಾಲದಲ್ಲಿ ಈ ಊರಲ್ಲಿ ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೆ, ಮೊದಲ ವರ್ಷ. ಇಡೀ ಮಗುವಿಗೆ ಹೊಗೆಯ ಪರಿಮಳ ಬರುತ್ತಿತ್ತು.

"ಮಳೆ ಹಿಡಿಯುವ ಮೊದಲು ಬಿಡಿಸು. ಆಮೇಲೆ ಆಗ್ಲಿಕ್ಕಿಲ್ಲ" ಅಂತ ಅತ್ತೆ ಹೇಳಿದ್ದು ಅದಕ್ಕೇ.

ಅತ್ತೆಯ ಇನ್ನೊಂದು ಮಾತೂ ಇತ್ತು. ಅದನ್ನು ಅವರು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. "ನಿನ್ನ ಗಂಡ ಒಂದು ವರ್ಷಕ್ಕೇ ಹೇಳ್ತಿದ್ದ. ನಿಮಗೆ ಇದೆಲ್ಲ ಎಂತಕ್ಕೆ ಇಷ್ಟು ಕಷ್ಟ ಆಗ್ತದೋ!" ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಸಿಟ್ಟು ಬದಿಗಿಟ್ಟು, ನೀವು ಹೇಗೆ ಕಲಿಸಿದ್ದು ಅಂತ ಕೇಳಿದೆ. ಅವರು ನೆಲದಲ್ಲಿ ಕಾಲು ಚಾಚಿ ಕೂತು ತೋರಿಸಿದರು. ಎರಡು ಪಾದಗಳ ನಡುವೆ ಸ್ವಲ್ಪ ಜಾಗ ಬಿಟ್ಟು, ಮಗುವನ್ನು ಪಾದದ ಮೇಲೆ ಕೂರಿಸುವುದು. ಮಗುವಿನ ಬೆನ್ನಿಗೆ ಅಮ್ಮನ ಮೊಣಕಾಲು. ಕೆಳಗೆ ಒಂದು ಅಡಿಕೆ ಹಾಳೆಯ ತುಂಡು. ಬಾಯಲ್ಲಿ "ಶ್ಶ್‌ಶ್". ಎದ್ದ ಕೂಡಲೇ ಒಂದು ಸಲ, ಹಾಲು ಕುಡಿದು ಸ್ವಲ್ಪ ಹೊತ್ತಿಗೆ ಒಂದು ಸಲ, ಮಲಗುವ ಮೊದಲು ಒಂದು ಸಲ. ಕೆಲಸ ಆದ ಮೇಲೆ ಹಾಳೆಯನ್ನು ತೋಟಕ್ಕೆ ಎಸೆದರೆ ಆಯಿತು.

ಯೋಚಿಸಿದರೆ ಒಳ್ಳೆ ವಿಧಾನವೇ. ಆದರೆ ಅಲ್ಲಿ ಒಂದು ವರ್ಷಕ್ಕೆ ಕಲಿತದ್ದು ಮಗುವಾ, ಅಮ್ಮನಾ ಅಂತ ನನಗೆ ಈಗಲೂ ಅನುಮಾನ. ಮಗು ಯಾವಾಗ ಮಾಡುತ್ತದೆ ಅಂತ ಅಮ್ಮನಿಗೆ ಗೊತ್ತಾಗಿರುತ್ತಿತ್ತು. ಮನೆಯಲ್ಲಿ ಅತ್ತೆ, ನಾದಿನಿ, ಓರಗಿತ್ತಿ ಅಂತ ಐದಾರು ಜನ ಹೆಂಗಸರು. ಸೆಗಣಿ ಸಾರಿಸಿದ ನೆಲ. ಚಡ್ಡಿ ಇಲ್ಲದ ಮಕ್ಕಳು. ಎಲ್ಲಿ ಬಿದ್ದರೂ ಯಾರೋ ಒಬ್ಬರು ಬಳಿದು ಹಾಕುತ್ತಿದ್ದರು. ಲೆಕ್ಕ ಇಟ್ಟವರು ಯಾರು? ನನ್ನ ಮನೆಯಲ್ಲಿ ಟೈಲ್ಸ್ ಇದೆ, ಮತ್ತು ನಾನು ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಕು.

ಬಳಸಿ ಬಿಸಾಡುವ ಡೈಪರ್ ಅಮೆರಿಕದ ಪೇಟೆಯಲ್ಲಿ ಜನಪ್ರಿಯ ಆಗಲು ಶುರುವಾದದ್ದು 1960ರ ದಶಕದಲ್ಲಿ. ಅದೇ ಹೊತ್ತಿಗೆ, 1962ರಲ್ಲಿ, ಬ್ರೇಜಲ್ಟನ್ ಅನ್ನುವ ಮಕ್ಕಳ ವೈದ್ಯರು ಒಂದು ಲೇಖನ ಬರೆದರು. ತಮ್ಮ ಹತ್ತಿರ ಬರುತ್ತಿದ್ದ 1,170 ಮಕ್ಕಳನ್ನು ಹತ್ತು ವರ್ಷ ಗಮನಿಸಿ ಬರೆದದ್ದು. ಮಗುವನ್ನು ಒತ್ತಾಯಿಸಬೇಡಿ, ಅದು ತಯಾರಾದಾಗ ಕಲಿಸಿ ಅನ್ನುವುದು ಅವರ ಮಾತಿನ ಸಾರ. ಆ ಮಕ್ಕಳು ಹಗಲು ಒದ್ದೆ ಮಾಡಿಕೊಳ್ಳದೆ ಇರಲು ಕಲಿತದ್ದು ಸರಾಸರಿ ಇಪ್ಪತ್ತೆಂಟೂವರೆ ತಿಂಗಳಿಗೆ. ನಾನು ಇದನ್ನು ಓದಿದ್ದು ರಾತ್ರಿ ಎರಡು ಗಂಟೆಗೆ, ಹಾಸಿಗೆಯ ಒದ್ದೆ ಬದಿಗೆ ಟವಲ್ ಹಾಸಿ, ಮೊಬೈಲಿನಲ್ಲಿ. ನನ್ನ ಮಗಳಿಗೆ ಇಪ್ಪತ್ತಾರು ತಿಂಗಳು. ಎಷ್ಟು ಹಗುರಾಯಿತು ಅಂದರೆ ಅತ್ತೆಯನ್ನು ಎಬ್ಬಿಸಿ ಹೇಳಿಬಿಡೋಣ ಅನಿಸಿತು. ಸುಮ್ನೆ ಮಲಗಿದೆ.

ಉಚ್ಚೆಯ ಪಾಠ ಹೆಚ್ಚು ಕಷ್ಟ ಕೊಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹಗಲಲ್ಲಿ ಹೇಳಿ ಮಾಡುತ್ತಿದ್ದಳು. ರಾತ್ರಿಯದ್ದು ಬೇರೆ ಕತೆ. ಐದು ವರ್ಷದವರೆಗೂ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುವುದು ಸಾಮಾನ್ಯ ಅಂತ ಡಾಕ್ಟರು ಹೇಳಿದ ಮೇಲೆ ಅದರ ತಂಟೆಗೆ ನಾನು ಹೋಗಲಿಲ್ಲ.

ಕಷ್ಟ ಇದ್ದದ್ದು ಹಠದಲ್ಲಿ. ಆಮೇಲೆ ಕಕ್ಕದಲ್ಲಿ. ಎರಡೂ ಒಂದೇ ಮಳೆಗಾಲದಲ್ಲಿ ಒಟ್ಟಿಗೆ ಬಂದವು.

ಹಠದ ಬಗ್ಗೆ ಮೊದಲು ಹೇಳುತ್ತೇನೆ. ಮೇ ಕೊನೆಯಲ್ಲಿ ನೆಂಟರ ಮನೆಯಲ್ಲಿ ಮದುವೆ. ಊಟದ ಪಂಕ್ತಿಯಲ್ಲಿ ಪುಟ್ಟಿ ನನ್ನ ಪಕ್ಕ, ತನ್ನದೇ ಬಾಳೆಲೆಯ ಮುಂದೆ, ದೊಡ್ಡ ಹೆಂಗಸಿನ ಹಾಗೆ ಕೂತಿದ್ದಳು. ಹಲಸಿನ ಹಪ್ಪಳ ಬಡಿಸಿದರು. ತಿನ್ನಲು ಸುಲಭ ಆಗಲಿ ಅಂತ ನಾನು ಅದನ್ನು ಎರಡು ತುಂಡು ಮಾಡಿದೆ. ಅಷ್ಟೇ. ಅವಳು ತುಂಡುಗಳನ್ನು ನೋಡಿದಳು. ಎರಡನ್ನೂ ಎತ್ತಿ ಅಂಚಿಗೆ ಅಂಚು ತಾಗಿಸಿದಳು. ಕೈ ಬಿಟ್ಟಳು. ಬಿದ್ದವು. ಮತ್ತೆ ತಾಗಿಸಿದಳು. ಮತ್ತೆ ಬಿದ್ದವು. ಆಗ ತುಟಿ ನಡುಗಿತು, ಮೂಗು ಅಗಲವಾಯಿತು, ಬಂತು ನೋಡಿ! ಎಲೆ, ಪಾಯಸ, ನೀರಿನ ಲೋಟ ಎಲ್ಲ ಒಂದು ಕಡೆ, ಅವಳು ಒಂದು ಕಡೆ. ಬೇರೆ ಹಪ್ಪಳ ಕೊಟ್ಟೆವು. ಬೇಡ. ಎರಡು ಕೊಟ್ಟೆವು. ಬೇಡ. ಅವಳಿಗೆ ಬೇಕಾದದ್ದು *ಆ* ಹಪ್ಪಳ, ಮೊದಲಿನ ಹಾಗೆ.

ಇಡೀ ಪಂಕ್ತಿ ಸಲಹೆ ಕೊಟ್ಟಿತು. ಒಬ್ಬರು ಎರಡು ಕೊಡು ಅಂದರು, ಹಪ್ಪಳ ಅಲ್ಲ, ಪೆಟ್ಟು. ಒಬ್ಬರು ದೃಷ್ಟಿ ಆಗಿರಬೇಕು, ಉಪ್ಪು ಮೆಣಸು ನಿವಾಳಿಸು ಅಂದರು. ದೂರದ ಚಿಕ್ಕಮ್ಮ ಒಬ್ಬರು ಯಾರನ್ನೂ ನೋಡದೆ, ಸಾರು ಕಲಸುತ್ತಾ, "ಈಗಿನ ಮಕ್ಕಳಿಗೆ ಮೊಬೈಲು ಜಾಸ್ತಿ" ಅಂದರು. ಹಪ್ಪಳಕ್ಕೂ ಮೊಬೈಲಿಗೂ ಎಂತ ಸಂಬಂಧವೋ!

ನಾನು ಅವಳನ್ನು ಎತ್ತಿಕೊಂಡು ಹಾಲ್‌ನ ಹಿಂಬದಿಗೆ ಹೋದೆ. ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆ ಕೈ ಒರೆಸಿಕೊಂಡು ಬಂದು, "ದಾಯೆ ಬುಲಿಪುವ ಮಗಾ?" ಅಂತ ತುಳುವಿನಲ್ಲಿ ಕೇಳಿದಳು. ಅಷ್ಟು ಹೊತ್ತು, ಅಷ್ಟು ಜನರಲ್ಲಿ, ಯಾಕೆ ಅಳ್ತೀ ಅಂತ ಮಗುವನ್ನೇ ಕೇಳಿದವಳು ಅವಳೊಬ್ಬಳು. ನಾನೂ ಕೇಳಿರಲಿಲ್ಲ. ಪುಟ್ಟಿ ಬಿಕ್ಕುತ್ತಾ ಎರಡು ಅಂಗೈ ಸೇರಿಸಿ, ಬಿಡಿಸಿ ತೋರಿಸಿದಳು. ಹಪ್ಪಳ ಮುರಿದದ್ದು. ಆಕೆ "ಅಯ್ಯೋ ಪಾಪ" ಅಂದಳು. ಬೇರೇನೂ ಮಾಡಲಿಲ್ಲ. ಅಳು ಇಳಿಯಿತು.

ಅವತ್ತು ನಾನು ಅರ್ಧ ಗಂಟೆ ಅತ್ತಳು ಅಂತ ಗಂಡನಿಗೆ ಹೇಳಿದೆ. ಅವರು ಫೋನಿನಲ್ಲಿ ವೀಡಿಯೋ ತೆಗೆಯುತ್ತಿದ್ದವರು, ಪಂಕ್ತಿಯ ವೀಡಿಯೋ. ಸಮಯ ನೋಡಿದರೆ ಏಳು ನಿಮಿಷ! ಆಮೇಲಿಂದ ನನಗೆ ಗಡಿಯಾರ ನೋಡುವ ಅಭ್ಯಾಸ ಆಯಿತು. ಹಠ ಶುರುವಾದ ಕೂಡಲೇ ಗೋಡೆ ಗಡಿಯಾರ ನೋಡುವುದು. ಮೂರು ನಿಮಿಷ, ನಾಲ್ಕು ನಿಮಿಷ, ಒಂದೊಂದು ಸಲ ಎರಡೇ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೂವರೆಯಿಂದ ಐದು ವರ್ಷದ 335 ಮಕ್ಕಳ ರಂಪದ ವಿವರವನ್ನು ಅಪ್ಪ ಅಮ್ಮಂದಿರಿಂದ ಬರೆಸಿಕೊಂಡಿದ್ದರಂತೆ. ಮುಕ್ಕಾಲು ಪಾಲು ರಂಪ ಐದು ನಿಮಿಷದೊಳಗೆ ಮುಗಿದಿತ್ತು. ಸಿಟ್ಟು ಮೊದಲಲ್ಲೇ ಏರಿ ಇಳಿಯುತ್ತದೆ, ಉಳಿಯುವುದು ದುಃಖ ಅಂತಲೂ ಅದರಲ್ಲಿತ್ತು. ಒಲೆಯ ಮೇಲಿನ ಹಾಲಿನ ಹಾಗೆ. ಉಕ್ಕುವಾಗ ಬೊಬ್ಬೆ ಹಾಕಿದರೆ ಹಾಲು ಕೇಳುತ್ತದಾ? ಬೆಂಕಿ ಸಣ್ಣ ಮಾಡಿ ನಿಲ್ಲಬೇಕು. ಮಾತು, ಬುದ್ಧಿ, ಉಪದೇಶ ಎಲ್ಲ ಆಮೇಲೆ. ನಾನು ಎಷ್ಟೋ ತಿಂಗಳು ಉಕ್ಕುವ ಹೊತ್ತಿನಲ್ಲೇ ಭಾಷಣ ಮಾಡುತ್ತಿದ್ದೆ.

ಇಷ್ಟು ತಿಳಿದೂ ನಾನು ಹೊಡೆದೆ. ಅದನ್ನೂ ಬರೆಯಬೇಕು.

ಜುಲೈ. ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು. ಕರೆಂಟು ಇರಲಿಲ್ಲ. ಒಂದು ವಾರದಿಂದ ಪುಟ್ಟಿಯ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಅಂಟು ಅಂಟಾಗಿ ಕಲೆ. ದಿನಕ್ಕೆ ಐದಾರು ಸಲ. ಕಕ್ಕಸಿಗೆ ಕರೆದರೆ ಬರುವುದಿಲ್ಲ, ಕೂರಿಸಿದರೆ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಾಳೆ, ಎಬ್ಬಿಸಿದ ಹತ್ತು ನಿಮಿಷಕ್ಕೆ ಮತ್ತೆ ಕಲೆ. ಬೇಕೆಂದೇ ಮಾಡುತ್ತಾಳೆ ಅಂತ ನನಗೆ ಅನಿಸಿತು. ಆ ರಾತ್ರಿ ನಾಲ್ಕನೇ ಚಡ್ಡಿ. ಬಚ್ಚಲಲ್ಲಿ ಮೇಣದ ಬತ್ತಿ ಇಟ್ಟು ತೊಳೆಯುತ್ತಿದ್ದೆ. ಅವಳು ಕೈ ಕಾಲು ಬಡಿದಳು, ಚೊಂಬು ಉರುಳಿತು, ಬತ್ತಿ ನಂದಿತು. ಕತ್ತಲಲ್ಲಿ ಅವಳ ತೊಡೆಗೆ ಛಟೀರ್ ಅಂತ ಒಂದು ಕೊಟ್ಟೆ. ಒದ್ದೆ ಚರ್ಮಕ್ಕೆ ಪೆಟ್ಟಿನ ಸದ್ದು ಜಾಸ್ತಿ. ಒಂದು ಕ್ಷಣ ಅವಳು ಅಳಲೂ ಇಲ್ಲ. ಆಮೇಲೆ ಅತ್ತುಕೊಂಡು, ಕತ್ತಲಲ್ಲಿ ಹುಡುಕಿ, ಬಂದು ಹಿಡಿದುಕೊಂಡದ್ದು ನನ್ನ ಕುತ್ತಿಗೆಯನ್ನೇ. ಹೊಡೆದವಳನ್ನೇ.

ಬಾಗಿಲ ಹೊರಗಿನಿಂದ ಅತ್ತೆ ಟಾರ್ಚ್ ಹಿಡಿದು ನಿಂತಿದ್ದರು. ಏನಾದರೂ ಹೇಳುತ್ತಾರೆ ಅಂದುಕೊಂಡೆ. "ಕೊಡು ಇಲ್ಲಿ. ನೀನು ಹೋಗಿ ಮಲಗು" ಅಂದರು. ಆಮೇಲೆ ಬಹಳ ದಿನ ಕಳೆದು ಒಮ್ಮೆ, ತರಕಾರಿ ಹೆಚ್ಚುತ್ತಾ, "ನಾನೂ ಹೊಡೆದಿದ್ದೇನೆ. ನಿನ್ನ ಗಂಡನಿಗೆ. ಇದೇ ವಿಷಯಕ್ಕೆ" ಅಂದರು. ಒಂದು ವರ್ಷಕ್ಕೇ ಹೇಳುತ್ತಿದ್ದ ಮಗನಿಗೆ! ನಾನು ಕೇಳಲಿಲ್ಲ, ಅವರೂ ಮುಂದೆ ಹೇಳಲಿಲ್ಲ.

ಮರುದಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಭೇದಿ ಅಂತ ಹೇಳಿದೆ. ಅವರು ಹೊಟ್ಟೆ ಒತ್ತಿ ನೋಡಿ ತಲೆ ಅಲ್ಲಾಡಿಸಿದರು. ಭೇದಿ ಅಲ್ಲ, ಮಲಬದ್ಧತೆ. ಎಡಬದಿಯ ಹೊಟ್ಟೆಯಲ್ಲಿ ಗಟ್ಟಿಯಾದ್ದು ಕೈಗೆ ಸಿಗುತ್ತಿತ್ತು, ನನ್ನ ಬೆರಳು ಹಿಡಿದು ಮುಟ್ಟಿಸಿ ತೋರಿಸಿದರು. ಯಾವಾಗಲೋ ಒಮ್ಮೆ ಗಟ್ಟಿ ಹೋಗಿ ನೋವಾಗಿರುತ್ತದೆ. ಆ ನೋವಿನ ಹೆದರಿಕೆಗೆ ಮಗು ತಡೆ ಹಿಡಿಯುತ್ತದೆ. ತಡೆದಷ್ಟೂ ಗಟ್ಟಿ. ಗಟ್ಟಿಯಾದಷ್ಟೂ ನೋವು. ಹೀಗೆ ತುಂಬಿ ತುಂಬಿ ಕರುಳಿನ ಕೊನೆ ಹಿಗ್ಗುತ್ತದೆ, ಹಿಗ್ಗಿದ ಮೇಲೆ ತುಂಬಿದ್ದು ಮಗುವಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಹಿಂದಿನಿಂದ ಬಂದ ನೀರಾದ ಮಲ ಆ ಗಟ್ಟಿಯ ಬದಿಯಿಂದ ಜಾರಿ ಚಡ್ಡಿಗೆ ಬರುತ್ತದೆ. ಅದು ಅವಳಿಗೆ ಗೊತ್ತಿಲ್ಲದೆ ಆಗುವುದು. ಬೇಕೆಂದು ಅಲ್ಲ.

ನಾನು ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಆನೆಯನ್ನೇ ನೋಡುತ್ತಾ ಕೂತೆ.

ಅಡಿಕೆ ಗೋಣಿಯ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪು ಮಾಡಿಕೊಳ್ಳುತ್ತಿದ್ದಳು, ಅವಳು. ನಾವೆಲ್ಲ ಅದನ್ನು ನೋಡಿ "ತಿಣುಕುತ್ತಿದ್ದಾಳೆ, ಈಗ ಬರ್ತದೆ" ಅಂತ ಎತ್ತಿಕೊಂಡು ಓಡುತ್ತಿದ್ದೆವು. ಅವಳು ತಿಣುಕುತ್ತಿರಲಿಲ್ಲ. ಬಿಗಿ ಹಿಡಿಯುತ್ತಿದ್ದಳು.

ಮಲ ಮೆತ್ತಗಾಗುವ ಸಿರಪ್ ಕೊಟ್ಟರು. ಎರಡು ದಿನ ಕೊಟ್ಟು ನಿಲ್ಲಿಸುವ ಮದ್ದಲ್ಲ, ತಿಂಗಳುಗಟ್ಟಲೆ ಬೇಕು, ಸರಿಯಾಯಿತು ಅನಿಸಿದರೂ ನೀವೇ ನಿಲ್ಲಿಸಬೇಡಿ ಅಂದರು. ಹಾಲು ಎಷ್ಟು ಕುಡಿಯುತ್ತಾಳೆ ಅಂತ ಕೇಳಿದರು. ಮನೆಯಲ್ಲೇ ದನ ಇರುವವರಿಗೆ ಈ ಪ್ರಶ್ನೆಯೇ ಹೊಸದು. ಲೆಕ್ಕ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್. ಅನ್ನ ತಿನ್ನದಿದ್ದರೆ ಹಾಲಾದರೂ ಕುಡಿಯಲಿ ಅಂತ ಅತ್ತೆ, ಅಜ್ಜ ಕುಡಿಸಿದ್ದು ಅಂತ ಗೊತ್ತಿಲ್ಲದೆ ನಾನು, ಹೀಗೆ. ಅರ್ಧ ಲೀಟರಿಗಿಂತ ಕಡಿಮೆ ಮಾಡಿ ಅಂದರು. ಬಂದ ಮೇಲೆ ಅತ್ತೆ ಮರುಮಾತಿಲ್ಲದೆ ಬಸಳೆ ಚಪ್ಪರದ ಕಡೆ ಹೋದರು. ಬಸಳೆ, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಕುಚ್ಚಲಕ್ಕಿ ಗಂಜಿಯ ತಿಳಿ. ಆ ಮಳೆಗಾಲ ನಾವೆಲ್ಲ ಎಷ್ಟು ಬಸಳೆ ತಿಂದೆವು ಅಂದರೆ ಮಾವ ಒಂದು ದಿನ, "ನನಗೆ ಮಲಬದ್ಧತೆ ಇಲ್ಲ ಮಾರಾಯ್ತಿ" ಅಂತ ಅತ್ತೆಗೆ ನೆನಪು ಮಾಡಬೇಕಾಯಿತು.

ಊಟವಾದ ಮೇಲೆ ಕರುಳು ತಾನಾಗಿ ಕದಲುತ್ತದಂತೆ. ಹಾಗಾಗಿ ಊಟದ ಹತ್ತಿಪ್ಪತ್ತು ನಿಮಿಷದ ನಂತರ ಐದು ನಿಮಿಷ ಕೂರಿಸಿ, ಕಾಲು ಜೋತಾಡಬಾರದು, ಊರಲು ಏನಾದರೂ ಇರಲಿ ಅಂತ ಡಾಕ್ಟರು ಹೇಳಿದ್ದರು. ಕಾಲು ಊರಿದರೆ ಮೊಣಕಾಲು ಮೇಲೆ ಬರುತ್ತದೆ, ಕುಕ್ಕರಿಸಿ ಕೂತ ಹಾಗೆ ಆಗುತ್ತದೆ. ಅತ್ತೆಯ ಪಾದದ ಮೇಲೆ ಕೂರುವಾಗಲೂ ಮಗುವಿನ ಮೊಣಕಾಲು ಹಾಗೇ ಇರುತ್ತಿತ್ತಲ್ಲ! ಊಟದ ಮಣೆ ತೆಗೆದುಕೊಂಡು ಹೋದೆ. ಅತ್ತೆ ಕಸಿದುಕೊಂಡರು. ಉಣ್ಣುವ ಮಣೆ ಕಕ್ಕಸಿಗಾ? ಕೊನೆಗೆ ಗಂಡ ಹಳೆಯ ಹಲಸಿನ ಹಲಗೆ ಕುಯ್ದು ಒಂದು ಪುಟ್ಟ ಮಣೆ ಮಾಡಿಕೊಟ್ಟರು. ಒಂದು ಕಾಲು ಸ್ವಲ್ಪ ಗಿಡ್ಡ. ಈಗಲೂ ಟಕ್ ಟಕ್ ಅನ್ನುತ್ತದೆ.

ನೋವು ಹೋಯಿತು. ಹೆದರಿಕೆ ಹೋಗಲಿಲ್ಲ. ಅಲ್ಲಿಗೆ ಇನ್ನೊಂದು ಹೆದರಿಕೆ ಬಂದು ಕೂತಿತ್ತು, ಅದೂ ನಮ್ಮಿಂದಲೇ.

ಕುಂಬಳೆ ಹತ್ತಿರ ಅನಂತಪುರದಲ್ಲಿ ಕೆರೆಯ ನಡುವೆ ದೇವಸ್ಥಾನ ಇದೆ. ಅಲ್ಲಿನ ಮೊಸಳೆ ಬಬಿಯಾನನ್ನು ಈ ಕಡೆಯ ಎಲ್ಲ ಮಕ್ಕಳಿಗೂ ಗೊತ್ತು. ನೈವೇದ್ಯದ ಅನ್ನ ತಿನ್ನುವ, ಯಾರಿಗೂ ಏನೂ ಮಾಡದ ಮೊಸಳೆ ಅಂತಲೇ ಜನ ಹೇಳುತ್ತಿದ್ದದ್ದು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜನ ಸಾಲುಗಟ್ಟಿ ಬಂದು ನೋಡಿದ್ದರು. ಮರು ವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಾವು ದಸರಾ ರಜೆಯಲ್ಲಿ ಪುಟ್ಟಿಯನ್ನು ಕರೆದುಕೊಂಡು ಹೋದೆವು. ಅರ್ಧ ಗಂಟೆ ನಿಂತರೂ ಮೊಸಳೆ ಕಾಣಲಿಲ್ಲ. "ಎಲ್ಲಿ ಬಬಿಯಾ?" ಅಂತ ಅವಳು ಕೇಳಿದ್ದಕ್ಕೆ ಅಜ್ಜ, "ನೀರಿನೊಳಗೆ ಉಂಟು ಮಗಾ. ನಮಗೆ ಕಾಣುವುದಿಲ್ಲ, ಅದಕ್ಕೆ ನಾವು ಕಾಣ್ತೇವೆ" ಅಂದರು.

ನಮ್ಮ ಮನೆಯ ಹಳೆ ಕಕ್ಕಸು ಅಂಗಳದ ಆಚೆ. ಅದಕ್ಕೆ ಮಳೆಗಾಲದಲ್ಲಿ ಕಪ್ಪೆ, ಜೇಡ, ಕತ್ತಲೆ. ಹಾಗಾಗಿ ಒಳಗಿನ ಕಮೋಡಿನ ಮೇಲೆ ಮಕ್ಕಳ ಸೀಟು ಇಟ್ಟು ಅಭ್ಯಾಸ ಮಾಡಿಸುತ್ತಿದ್ದದ್ದು. ಅನಂತಪುರದಿಂದ ಬಂದ ಮರುದಿನ ಅವಳು ಕಮೋಡಿನ ಬಾಗಿಲಲ್ಲೇ ನಿಂತಳು. ಬಗ್ಗಿ ನೀರು ನೋಡಿದಳು. ನನ್ನ ಸೆರಗು ಹಿಡಿದು ಬಹಳ ಮೆಲ್ಲಗೆ, ಮೊಸಳೆಗೆ ಕೇಳಬಾರದು ಅನ್ನುವ ಹಾಗೆ, "ಇಲ್ಲಿ ಬಬಿಯಾ ಉಂಟು" ಅಂದಳು.

ಇಲ್ಲ ಅಂದೆ. ನೀರಿನೊಳಗೆ ಕಾಣುವುದಿಲ್ಲ ಅಂದಳು. ಅವಳ ತರ್ಕಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಫ್ಲಶ್ ಒತ್ತಿ ತೋರಿಸಿದೆ, ನೋಡು ಹೋಯ್ತು ಅಂತ. ಘೊರ್ ಅಂತ ಸದ್ದು ಬಂದದ್ದೇ ತಡ, ಅವಳು ಅಡುಗೆಮನೆ ದಾಟಿ ಹಟ್ಟಿಯವರೆಗೆ ಓಡಿದಳು. ಮೊಸಳೆ ಗುರುಗುಟ್ಟಿದ್ದನ್ನು ನಾನೇ ಕೇಳಿಸಿದ ಹಾಗಾಯಿತು.

ಬಿಡಿಸಿದ್ದು ಹೆದರಿಸಿದ ಅಜ್ಜನೇ. ಅವರು ಮೊಸಳೆ ಇಲ್ಲ ಅಂತ ಹೇಳಲೇ ಇಲ್ಲ. "ಉಂಟಾ? ಇರಲಿ. ಬಬಿಯಾ ಅನ್ನ ಮಾತ್ರ ತಿನ್ನುವುದು. ಇಲ್ಲಿ ಯಾರೂ ಅನ್ನ ಹಾಕುವುದಿಲ್ಲ. ಹಸಿವಾಗಿ ಕೆರೆಗೆ ಹೋಗ್ತದೆ" ಅಂದರು. ಪುಟ್ಟಿಗೆ ಅದು ಸರಿ ಕಂಡಿತು. ಎಷ್ಟು ಸರಿ ಕಂಡಿತು ಅಂದರೆ, ಮೊಸಳೆಗೆ ಪಾಪ ಅನಿಸಿ, ಮಧ್ಯಾಹ್ನ ತನ್ನ ತಟ್ಟೆಯಿಂದ ಒಂದು ಮುಷ್ಟಿ ಅನ್ನ ತೆಗೆದುಕೊಂಡು ಹೋಗಿ ಕಮೋಡಿಗೆ ಹಾಕಿ ಬಂದಳು. ಅತ್ತೆ ಎರಡು ದಿನ ಮಾವನ ಹತ್ತಿರ ಮಾತು ಬಿಟ್ಟರು. ಅನ್ನ! ಕಕ್ಕಸಿಗೆ!

ಆದರೆ ಆ ವಾರ ಅವಳು ಕೂತಳು. ಕೂರುವ ಮೊದಲು ಬಗ್ಗಿ, "ಬಬಿಯಾ, ಕೆರೆಗೆ ಹೋಗು" ಅನ್ನುವುದು, ಹಲಸಿನ ಮಣೆಯ ಮೇಲೆ ಟಕ್ ಟಕ್ ಅಂತ ಕಾಲು ಆಡಿಸುವುದು, ಕೆಲಸ ಮುಗಿದ ಮೇಲೆ ನಾವೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿದ ನಂತರವೇ ಅಪ್ಪ ಫ್ಲಶ್ ಒತ್ತುವುದು. ಆಫೀಸಿಗೆ ಹೊರಟ ಮನುಷ್ಯ, ಕೈಯಲ್ಲಿ ಬೈಕಿನ ಕೀ ಹಿಡಿದು, ಒಬ್ಬರೇ ಒಳಗೆ ನಿಂತು ಫ್ಲಶ್ ಒತ್ತಲು ಸೂಚನೆಗೆ ಕಾಯುತ್ತಿದ್ದರು.

ಮೂರು ವರ್ಷ ಐದು ತಿಂಗಳಿಗೆ, ಜೂನ್‌ನಲ್ಲಿ ಅಂಗನವಾಡಿಗೆ ಸೇರಿಸಿದೆವು. ಎಲ್ಲ ಕಲಿತಾಯಿತು ಅಂತ ಹೆಮ್ಮೆಯಿಂದಲೇ ಬಿಟ್ಟು ಬಂದೆ. ಮೊದಲ ವಾರ ದಿನಾ ಒದ್ದೆ ಚಡ್ಡಿಯಲ್ಲಿ ವಾಪಸ್. ಎರಡನೇ ವಾರ ಒದ್ದೆಯೂ ಇಲ್ಲ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಟ್ಟಿಕೊಂಡು, ಮನೆ ಗೇಟು ಕಾಣುತ್ತಲೇ ಓಡಿ ಬಂದು ತೆಂಗಿನ ಬುಡದಲ್ಲಿ ಕೂರುತ್ತಿದ್ದಳು. ಹೊಸ ಜಾಗ, ಸ್ವಲ್ಪ ದಿನ ಹಾಗೇ, ಅಂತ ಎಲ್ಲರೂ ಹೇಳಿದರು. ಅಲ್ಲಿ ಯಾಕೆ ಹೋಗುವುದಿಲ್ಲ ಅಂತ ಕೇಳಿದೆ. ಮದುವೆ ಮನೆಯ ಆ ತುಳು ಹೆಂಗಸು ನೆನಪಾಗಿ ಈಗೀಗ ಮೊದಲು ಕೇಳುತ್ತೇನೆ.

"ಅಲ್ಲಿ ಮುಳ್ಳು ಉಂಟು" ಅಂದಳು.

ಮರುದಿನ ಹೋಗಿ ನೋಡಿದೆ. ಅಂಗನವಾಡಿಯ ಕಕ್ಕಸು ನಮ್ಮ ಮನೆಯದ್ದಕ್ಕಿಂತ ಸ್ವಚ್ಛ. ಸುತ್ತ ಸಿಮೆಂಟು. ಮುಳ್ಳಲ್ಲ, ಹುಲ್ಲೂ ಇಲ್ಲ. ಸುಳ್ಳು ಹೇಳಲು ಕಲಿತಳಾ ಅಂತ ಬೇಜಾರಾಯಿತು. ರಾತ್ರಿ ಗಂಡನಿಗೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಬಿದ್ದು ಬಿದ್ದು ನಕ್ಕರು.

ನಾನು ಪುತ್ತೂರಿನ ಕಡೆಯವಳು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನನ್ನ ತವರು ಆಚೆ ಉಳಿಯಿತು, ಗಂಡನ ಊರಾದ ಈ ಬದಿಯಡ್ಕ ಕೇರಳಕ್ಕೆ ಬಂತು. ಬಸ್ಸಿನಲ್ಲಿ ದೂರವೇನೂ ಇಲ್ಲ. ಮನೆಯ ಕನ್ನಡವೂ ಅದೇ, ತೋಟದ ಕೆಲಸದವರ ತುಳುವೂ ಅದೇ. ಆದರೆ ನನ್ನ ಮಲಯಾಳ ಇನ್ನೂ ಅಂಗಡಿಯ ಮಲಯಾಳ. ಅಕ್ಕಿ, ಎಣ್ಣೆ, ಎಷ್ಟು ಅನ್ನುವಷ್ಟು. ಇಲ್ಲೇ ಹುಟ್ಟಿದ ಗಂಡನಿಗೆ ಹಾಗಲ್ಲ. ಅಂಗನವಾಡಿಗೆ ಆ ವರ್ಷ ಬಂದ ಟೀಚರು ತೆಂಕಣ ಜಿಲ್ಲೆಯವರು, ಒಳ್ಳೆಯವರು, ಗಂಟೆಗೊಮ್ಮೆ ಪ್ರತಿ ಮಗುವಿನ ಹತ್ತಿರ ಬಂದು ಪ್ರೀತಿಯಿಂದ ಕೇಳುತ್ತಿದ್ದರು. "ಮುಳ್ಳಣೋ ಮೋಳೇ? ವಾ, ಮುಳ್ಳಾನ್ ಪೋವಾಂ." ಉಚ್ಚೆ ಮಾಡಬೇಕಾ ಮಗಳೇ, ಬಾ, ಹೋಗೋಣ ಅಂತ. ನನ್ನ ಮಗಳ ಕಿವಿಗೆ ಬಿದ್ದದ್ದು ಮುಳ್ಳು. ಬಾ, ಮುಳ್ಳಿಗೆ ಹೋಗೋಣ! ಯಾವ ಮಗು ಹೋಗುತ್ತದೆ?

ಗಂಡ ಮರುದಿನ ಟೀಚರ ಹತ್ತಿರ ಮಾತಾಡಿದರು. ಅವರು ಬಾಯಿಗೆ ಕೈ ಇಟ್ಟು ನಕ್ಕು, ಪುಟ್ಟಿಯನ್ನು ಹತ್ತಿರ ಕರೆದು, ತಡವರಿಸುತ್ತಾ "ಉಚ್ಚೆ?" ಅಂದರು. ಪುಟ್ಟಿ ಅವರ ಕೈ ಹಿಡಿದು ನೇರ ಹೋದಳಂತೆ. ಅವತ್ತೇ. ಆ ತಿಂಗಳು ಅಂಗನವಾಡಿಯ ಮಲಯಾಳಿ ಮಕ್ಕಳೆಲ್ಲ ಉಚ್ಚೆ ಅನ್ನಲು ಕಲಿತರು, ನನ್ನ ಮಗಳು ಮುಳ್ಳಣ ಅನ್ನಲು ಕಲಿತಳು. ಮನೆಯಲ್ಲೂ ಅದೇ ಶುರುವಾಯಿತು. ಅತ್ತೆಗೆ ಅದು ಅಷ್ಟು ಇಷ್ಟವಿಲ್ಲ. "ಕಲಿತದ್ದು ಒಂದು ಮಲಯಾಳ ಶಬ್ದ, ಅದೂ ಇದು" ಅನ್ನುತ್ತಾರೆ.

ಕಳೆದ ತಿಂಗಳು ತವರಿಗೆ ಹೊರಟಿದ್ದೆವು, ಪುತ್ತೂರಿನ ಬಸ್ಸಿನಲ್ಲಿ, ನಾನೂ ಅವಳೂ. ಕರ್ನಾಟಕದ ಸರಕಾರಿ ಬಸ್ಸು. ಕಂಡಕ್ಟರು ಘಟ್ಟದ ಮೇಲಿನವರು, ಮಾತು ಕೇಳಿದರೆ ಹುಬ್ಬಳ್ಳಿ ಧಾರವಾಡದ ಕಡೆ ಅನಿಸುತ್ತಿತ್ತು. ಸಾರಡ್ಕ ದಾಟಿ ಸ್ವಲ್ಪ ದೂರ ಹೋಗಿತ್ತು. ಪುಟ್ಟಿ ಕಿಟಕಿಯಿಂದ ತಿರುಗಿ, ಕಾಲಿಗೆ ಕಾಲು ಹೆಣೆದು, ಟಿಕೆಟ್ ಹರಿಯುತ್ತಿದ್ದವರನ್ನೇ ನೋಡಿ ಗಟ್ಟಿಯಾಗಿ ಹೇಳಿದಳು: "ಮುಳ್ಳಣ!"

ಅವರು ಗಾಬರಿಯಾಗಿ ಬಗ್ಗಿದರು. "ಎಲ್ಲಿ ಚುಚ್ಚೈತವ್ವಾ ಮುಳ್ಳು? ಕಾಲ ತೋರಿಸು ನೋಡೂಣು."

ಪುಟ್ಟಿ ನನ್ನ ಮುಖ ನೋಡಿದಳು. ಇವರಿಗೆ ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. ಆಮೇಲೆ ಅವರ ಕಡೆ ತಿರುಗಿ, ಟೀಚರು ತನಗೆ ಹೇಳಿಕೊಟ್ಟ ಹಾಗೆಯೇ, ಬಿಡಿಸಿ ಬಿಡಿಸಿ ಹೇಳಿದಳು. "ಉ-ಚ್ಚೆ."

ಬಸ್ಸು ನಿಂತಿತು.